ತಗ್ಗು ಖೋಲಿಯಲ್ಲಿ ಸಿನಿಮಾ: ದೀಪ ಎಲ್ಲಿರಬೇಕು?

(ಸಂಘದ ತಿಂಗಳ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯಿಂದ ಇದುವರೆಗೆ ಪಗಾರ, ಬೋನಸು, ಗ್ರಾಚುಯಿಟಿ, ಕನ್ನಡ ಶಾಲೆ ಮೊದಲಾದ ದೊಡ್ಡ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದುದು ದೀಪದ ವಿಷಯ. ಅದರಲ್ಲಿಯೂ ತಗ್ಗು ಛಾವಣಿಯ ಖೋಲಿಯಲ್ಲಿ ಕುಳಿತು ಸಿನಿಮಾ ನೋಡುವಾಗ ಇರಬೇಕಾದ ದೀಪದ ವಿಷಯ. ಕಾರ್ಯದರ್ಶಿಗಳು ಇದನ್ನು ಸಾರಿದಾಗ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಗುವುದಕ್ಕೆ ಕಾರಣವೂ ಇದೆ. 'ಹೋಮ್ ಥಿಯೇಟರ್' ಎಂಬುದು ಬಂಗಲೆಯವರ ಸೊತ್ತು, ಹತ್ತು ಹನ್ನೆರಡು ಅಡಿಯ ಖೋಲಿಯವನಿಗೆ ಅದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಕಳೆದ ದೀಪಾವಳಿಯಿಂದೀಚೆಗೆ ನಮ್ಮ ಸದಸ್ಯರಲ್ಲಿಯೇ ಏಳೆಂಟು ಮಂದಿ ನನ್ನನ್ನು ಹುಡುಕಿಕೊಂಡು ಬಂದು ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಮಗ ಕಂತಿನ ಮೇಲೆ ದೊಡ್ಡ ಟಿ.ವಿ. ತಂದಿದ್ದಾನೆ, ಅಂಗಡಿಯವನು ಫಾಲ್ಸ್ ಸೀಲಿಂಗ್ ಮಾಡಿಸಿ, ಅದರಲ್ಲಿ ಹನ್ನೆರಡು ದೀಪ ಕೂಡಿಸಿ, ಆಗಲೇ ಥಿಯೇಟರಿನ ಕಳೆ ಬರುವುದು ಎನ್ನುತ್ತಾನೆ, ಮಾಡಿಸಲೋ ಬೇಡವೋ?

ಬೇಡ ಎಂಬುದೇ ನನ್ನ ಉತ್ತರ. ಏಕೆ ಬೇಡ, ಬದಲಿಗೆ ಏನು ಮಾಡಬಹುದು ಎಂಬುದನ್ನು ಈ ಹೊತ್ತು ಬಿಡಿಸಿ ಹೇಳುತ್ತೇನೆ.

ಸಿನಿಮಾ ನಮ್ಮಂಥವರಿಗೆ ಸಲ್ಲದ ಸೊಗಸೆಂದು ಯಾರೂ ನಾಚಬೇಕಾಗಿಲ್ಲ. ಈ ದೇಶದಲ್ಲಿ ಮೊಟ್ಟಮೊದಲು ಚಲನಚಿತ್ರ ತೋರಿಸಿದ್ದು ಇದೇ ಮುಂಬಯಿಯಲ್ಲಿ, ೧೮೯೬ನೆಯ ಇಸವಿ ಜುಲೈ ೭ರಂದು, ವಾಟ್ಸನ್ ಹೋಟೆಲಿನಲ್ಲಿ. ಲ್ಯೂಮಿಯೇರ್ ಸಹೋದರರ ಆರು ತುಂಡು ಚಿತ್ರಗಳು, ಟಿಕೇಟು ಒಂದು ರೂಪಾಯಿ. ಥಿಯೇಟರು ಆಮೇಲೆ ಬಂತು, ಮೊದಲು ಹೋಟೆಲೇ. ನಮ್ಮ ಹೋಟೆಲಿನ ತಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಲಿ. ಆ ಒಂದು ರೂಪಾಯಿ ಅಂದಿನ ಗಿರಣಿ ಕಾಮಗಾರನ ಕೈಗೆಟಕುವ ಹಣವಾಗಿರಲಿಲ್ಲವೆಂಬುದು ಬೇರೆ ಮಾತು. ಈಗಲಾದರೂ ಏನು? ಐದು ಮಂದಿಯ ಸಂಸಾರ ಮಲ್ಟಿಪ್ಲೆಕ್ಸಿಗೆ ಹೋಗಿ ಬಂದರೆ ಟಿಕೇಟು, ರೈಲು, ಮಕ್ಕಳ ತಿಂಡಿ ಎಲ್ಲಾ ಸೇರಿ ಒಂದು ವಾರದ ತರಕಾರಿಯ ದುಡ್ಡು ಕರಗಿಹೋಗುತ್ತದೆ. ಕನ್ನಡ ಚಿತ್ರವಂತೂ ಈ ಊರಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರಿನಿಂದ ಬಂದ ಮುದಿ ತಾಯಿಗೆ ೧೯೫೪ರ 'ಬೇಡರ ಕಣ್ಣಪ್ಪ'ವನ್ನು ಮನೆಯಲ್ಲಿಯೇ ಕೂರಿಸಿ ತೋರಿಸಬಹುದಾದರೆ ಅದನ್ನು ದುಂದು ಎನ್ನಲು ನನಗೆ ಬಾಯಿ ಬಾರದು.

ಈಗ ಖೋಲಿಯನ್ನು ನೋಡೋಣ. ವರಳಿ, ನಾಯಗಾಂವ, ಡಿಲಾಯಲ್ ರೋಡುಗಳ ಬಿ.ಡಿ.ಡಿ. ಚಾಳುಗಳನ್ನು ೧೯೨೦ರ ದಶಕದಲ್ಲಿ ಕಟ್ಟಿದಾಗ ಒಂದು ಖೋಲಿಗೆ ೧೬೦ ಚದರ ಅಡಿ ಇಟ್ಟರು. ಗಿರಣಿ ಕಾಮಗಾರರಿಗೆಂದು ೨೦೧೨ರಲ್ಲಿ ಮ್ಹಾಡಾದವರು ಚೀಟಿ ಎತ್ತಿ ಕೊಡತೊಡಗಿದ ಮನೆಗಳು ೨೨೫ ಚದರ ಅಡಿಯವು. ಹಳೆಯ ಚಾಳುಗಳಲ್ಲಿ ಉದ್ದಗಲ ಕಿರಿದಾದರೂ ಎತ್ತರವಿರುತ್ತಿತ್ತು. ಸಂಸಾರ ಬೆಳೆದಂತೆ ನಾವೇ ಮಾಳಾ ಹಾಕಿ ಆ ಎತ್ತರವನ್ನು ಎರಡಾಗಿ ಸೀಳಿದೆವು. ಜನ ವಾಸಿಸುವ ಕೋಣೆಗೆ ೨.೭೫ ಮೀಟರು, ಅಂದರೆ ೯ ಅಡಿ ಎತ್ತರ ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಮಾಳಾದ ಕೆಳಗೆ ೭ ಅಡಿ ಸಿಕ್ಕಿದರೆ ಪುಣ್ಯ. ಆ ಏಳಡಿಯ ಕೆಳಗೇ ಟಿ.ವಿ., ಅದರೆದುರಿಗೆ ಚಾಪೆ.

ರಾತ್ರಿ ಒಂಬತ್ತು ಗಂಟೆಗೆ ಆ ಖೋಲಿಯಲ್ಲಿ ಯಾರು ಯಾರಿರುತ್ತಾರೆ? ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜ ಇರುತ್ತಾನೆ. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ಹುಡುಗಿ ಇರುತ್ತಾಳೆ. ಒಲೆಯ ಮುಂದೆ ಸೊಸೆ. ಬೆಳಗಿನ ನಾಲ್ಕಕ್ಕೆ ಎದ್ದು ಹೋಟೆಲಿನ ಭಟ್ಟಿ ಹೊತ್ತಿಸಬೇಕಾದವನು ಮೂಲೆಯಲ್ಲಿ ಮುಸುಕು ಹಾಕಿಕೊಂಡಿರುತ್ತಾನೆ. ಬಂಗಲೆಯವರಿಗೆ ಸಿನಿಮಾಕ್ಕೆ ಒಂದು ಕೋಣೆ, ಓದಿಗೆ ಒಂದು, ನಿದ್ದೆಗೆ ಒಂದು. ನಮಗೆ ಒಂದೇ ಖೋಲಿ ನಾಲ್ಕು ಖೋಲಿಯ ಕೆಲಸ ಮಾಡಬೇಕು. ಆದ್ದರಿಂದ ಯಾವ ದೀಪ ಕೊಳ್ಳಲಿ ಎಂದು ಕೇಳುವುದಕ್ಕೆ ಮೊದಲು, ಯಾರ ಕಣ್ಣಿಗೆ ಬೆಳಕು ಬೇಕು, ಯಾರ ಕಣ್ಣಿಗೆ ಬೇಡ ಎಂದು ಕೇಳಿಕೊಳ್ಳಬೇಕು. ಹನ್ನೆರಡು ದೀಪ ಮಾರುವವನು ಇದನ್ನು ಕೇಳುವುದಿಲ್ಲ.

ಫಾಲ್ಸ್ ಸೀಲಿಂಗನ್ನು ಏಕೆ ಬೇಡವೆನ್ನುತ್ತೇನೆ? ಅದು ಕಡಿಮೆಯೆಂದರೂ ನಾಲ್ಕೈದು ಅಂಗುಲ ಎತ್ತರವನ್ನು ನುಂಗುತ್ತದೆ. ಒಂಬತ್ತಡಿಯಲ್ಲಿ ಐದಂಗುಲ ಹೋದರೆ ಗೊತ್ತಾಗದು; ಏಳಡಿಯಲ್ಲಿ ಹೋದರೆ ಎತ್ತರದ ಆಳು ಅಂಗಿ ತೊಡುವಾಗ ಕೈ ಮೇಲಕ್ಕೆ ತಗಲುತ್ತದೆ. ಅದರೊಳಗೆ ವಾಯರು, ಇಲಿ, ಜಿರಲೆ ಸೇರಿಕೊಂಡರೆ ಮೂರಕ್ಕೂ ಅಲ್ಲೊಂದು ಚಾಳು. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಕಣ್ಣಿನದು.

ಎತ್ತರದ ಥಿಯೇಟರಿನಲ್ಲಿ ದೀಪ ಇಪ್ಪತ್ತೈದು ಅಡಿ ಮೇಲಿರುತ್ತದೆ. ನಿಮ್ಮ ಕುರ್ಚಿಗಿಂತ ಆರಡಿ ಮುಂದೆ ಇದ್ದರೂ ಅದು ಕಾಣಬೇಕಾದರೆ ಕತ್ತೆತ್ತಬೇಕು. ನಮ್ಮ ಖೋಲಿಯಲ್ಲಿ ನಾವು ಕೂರುವುದು ನೆಲದ ಮೇಲೆ. ಕಣ್ಣು ಇರುವುದು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ. ಏಳಡಿಯ ಛಾವಣಿಯಲ್ಲಿ, ನಿಮ್ಮಿಂದ ಆರಡಿ ಮುಂದೆ ಒಂದು ದೀಪವಿದ್ದರೆ ಅದು ಟಿ.ವಿ.ಯ ಮೇಲ್ಭಾಗದಲ್ಲಿಯೇ ಕಣ್ಣಿಗೆ ಕುಕ್ಕುತ್ತಿರುತ್ತದೆ. ನೀವು ನೋಡುವುದು ಚಿತ್ರವನ್ನು, ಕಣ್ಣು ಸೆಣಸುವುದು ದೀಪದೊಡನೆ. ಸಾಲದುದಕ್ಕೆ ಅದೇ ದೀಪ ಟಿ.ವಿ.ಯ ಗಾಜಿನಲ್ಲಿ ಮತ್ತೊಮ್ಮೆ ಹೊಳೆಯುತ್ತದೆ. ರಾಜಕುಮಾರರ ಮುಖದ ಮೇಲೆ ಅಂಗಡಿಯವನ ಬಲ್ಬು!

ಇದನ್ನು ಪರೀಕ್ಷಿಸಲು ದುಡ್ಡು ಬೇಡ. ಊರಿನಲ್ಲಿ ದೂರದಿಂದ ಬರುವ ಬಸ್ಸನ್ನು ನೋಡುವಾಗ ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಹಿಡಿದು ಟಿ.ವಿ. ನೋಡಿ. ಕೈ ಹಿಡಿದ ಕೂಡಲೆ ಕಣ್ಣಿಗೆ ಹಾಯೆನಿಸಿದರೆ, ಚಿತ್ರದ ಕಪ್ಪು ಇನ್ನಷ್ಟು ಕಪ್ಪಾಗಿ ಕಂಡರೆ, ನಿಮ್ಮ ದೀಪ ಇರಬಾರದ ಜಾಗದಲ್ಲಿದೆ ಎಂದರ್ಥ. ಈ ಹೊತ್ತು ಮನೆಗೆ ಹೋದ ಮೇಲೆ ಮಾಡಿ ನೋಡಿ.

ಪಂಖದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತಗ್ಗು ಛಾವಣಿಯಲ್ಲಿ ದೀಪ ಪಂಖದ ರೆಕ್ಕೆಗಿಂತ ಮೇಲಿದ್ದರೆ, ರೆಕ್ಕೆ ಬೆಳಕನ್ನು ಕಡಿದು ಕಡಿದು ಕೆಳಗೆ ಬಿಡುತ್ತದೆ, ಗೋಡೆ, ಟಿ.ವಿ., ಪುಸ್ತಕ ಎಲ್ಲದರ ಮೇಲೂ ನೆರಳು ಪಟಪಟನೆ ಓಡುತ್ತದೆ. ಅರ್ಧ ಗಂಟೆಯಲ್ಲಿ ತಲೆ ನೋಯದಿದ್ದರೆ ಕೇಳಿ. ಮಾಳಾದ ಕೆಳಗೆ ಗೋಡೆಗೆ ಹಾಕುವ ಪಂಖವೇ ಲೇಸು. ಎದ್ದು ನಿಂತವನ ಕೈಗೂ ತಲೆಗೂ ಅಪಾಯವಿಲ್ಲ.

ಹಾಗಾದರೆ ಬೆಳಕನ್ನು ಎಲ್ಲಿಂದ ತರಬೇಕು? ಗಿರಣಿಯಲ್ಲಿ ದುಡಿದ ಅಣ್ಣಂದಿರಿಗೆ ಇದರ ಉತ್ತರ ಗೊತ್ತಿದೆ. ಮಗ್ಗದ ಖಾತೆಯ ಛಾವಣಿಯನ್ನು ನೆನೆಸಿಕೊಳ್ಳಿ. ಗರಗಸದ ಹಲ್ಲಿನಂತೆ ಏರಿ ಇಳಿಯುವ ಛಾವಣಿ; ಪ್ರತಿ ಹಲ್ಲಿನ ಒಂದು ಮೈಗೆ ಸಾಲಾಗಿ ಗಾಜು, ಇನ್ನೊಂದು ಮೈ ಮುಚ್ಚಿದ್ದು. ಆ ಗಾಜಿನ ಮೈಯನ್ನು ಉತ್ತರಕ್ಕೇ ಏಕೆ ತಿರುಗಿಸಿದರು? ನಮ್ಮ ಈ ಭಾಗದಲ್ಲಿ, ಜೂನಿನ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಕೊಂಚ ಉತ್ತರಕ್ಕೆ ಸರಿಯುವ ಕೆಲವು ವಾರಗಳನ್ನು ಬಿಟ್ಟರೆ, ಉತ್ತರದಿಂದ ಬಿಸಿಲು ನೇರವಾಗಿ ಒಳಗೆ ಬೀಳುವುದಿಲ್ಲ. ಬರುವುದು ಆಕಾಶದ ಬೆಳಕು ಮಾತ್ರ. ಬೆಳಗಿನಿಂದ ಸಂಜೆಯವರೆಗೆ ಹೆಚ್ಚುಕಡಿಮೆ ಒಂದೇ ಸಮ, ನೆರಳಿಲ್ಲ, ಕುಕ್ಕಿಲ್ಲ. ಹಾಸಿನಲ್ಲಿ ಕಡಿದ ಒಂದು ಎಳೆಯನ್ನು ನೇಕಾರ ನಿಂತಲ್ಲಿಂದಲೇ ಗುರುತಿಸುತ್ತಿದ್ದನಲ್ಲ, ಅವನ ಕಣ್ಣಿನ ಜಾಣತನದಲ್ಲಿ ಅರ್ಧ ಪಾಲು ಆ ಛಾವಣಿಯದು. ಮಾಲಿಕರು ಅದನ್ನು ನಮ್ಮ ಕಣ್ಣಿನ ಮೇಲಿನ ಕನಿಕರದಿಂದ ಕಟ್ಟಿಸಲಿಲ್ಲ, ಬಟ್ಟೆ ಕೆಡಬಾರದೆಂದು ಕಟ್ಟಿಸಿದರು. ಅದೇನೇ ಇರಲಿ, ಅದರಲ್ಲಿರುವ ಪಾಠ ನಮ್ಮದು. ಬೆಳಕು ಬಿದ್ದ ವಸ್ತು ಕಾಣಬೇಕು. ಬೆಳಕು ಹೊರಡುವ ಜಾಗ ಕಾಣಬಾರದು.

ಗಿರಣಿಯ ದೀಪದ ಮಾತು ಬಂದುದರಿಂದ ಇನ್ನೊಂದನ್ನೂ ನೆನಪಿಸದೆ ಮುಂದೆ ಹೋಗಲಾರೆ. ೧೯೦೫ರ ಆಗಸ್ಟ್ ೫ರಂದು ನಮ್ಮ ಬೆಂಗಳೂರಿನ ಬೀದಿಯಲ್ಲಿ, ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತಿನ ದೀಪ ಹೊತ್ತಿತು. ಜನ ಹಬ್ಬ ಮಾಡಿದರು. ಅದೇ ವರ್ಷದ ಸುಮಾರಿಗೆ ಮುಂಬಯಿಯ ಗಿರಣಿಗಳಿಗೂ ವಿದ್ಯುದ್ದೀಪ ಬಂತು. ಇಲ್ಲಿ ಆದುದೇನು? ಅಲ್ಲಿಯವರೆಗೆ ಕತ್ತಲಾದರೆ ಕೆಲಸ ನಿಲ್ಲುತ್ತಿತ್ತು. ದೀಪ ಬಂದ ಮೇಲೆ ಹದಿಮೂರು, ಹದಿನಾಲ್ಕು ಗಂಟೆ ದುಡಿಸತೊಡಗಿದರು. ಕಾಮಗಾರರು ಕೆಲಸ ಬಿಟ್ಟು ಬೀದಿಗಿಳಿದರು. ಕಡೆಗೆ ೧೯೧೧ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ ೧೨ ಗಂಟೆಯ ಮಿತಿ ಹಾಕಿತು. ದೀಪದಿಂದ ನಿದ್ದೆ ಕಳೆದುಕೊಂಡವರ ಮೊಮ್ಮಕ್ಕಳು ನಾವು. ಮೂಲೆಯಲ್ಲಿ ಮಲಗಿದ ಹೋಟೆಲಿನ ಹುಡುಗನಿಗೆ ಕತ್ತಲೆಯ ಮೇಲೆ ಹಕ್ಕಿದೆ ಎಂದು ನಾನು ಹೇಳುವುದು ಸುಮ್ಮನೆಯಲ್ಲ. ನಮ್ಮ ಖೋಲಿಯ ದೀಪಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚಿರಬೇಕೆಂಬುದು ಅದಕ್ಕಾಗಿಯೇ. ಒಂದು ಗುಂಡಿ ಒತ್ತಿದರೆ ಹನ್ನೆರಡು ಹೊತ್ತುವ ಏರ್ಪಾಡಿನಲ್ಲಿ ಒಬ್ಬನ ಸಿನಿಮಾ ಎಲ್ಲರಿಗೂ ಜಾಗರಣೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಾನು ಗಿರಣಿಯಲ್ಲಿ ವಾಯರಮನ್ ಆಗಿದ್ದವನು. ೧೯೮೨ರ ಜನವರಿ ೧೮ರಂದು ಮುಷ್ಕರ ಶುರುವಾದ ಮೇಲೆ ನಮ್ಮ ಗಿರಣಿಯ ಬಾಗಿಲು ನಮಗೆ ಮತ್ತೆ ತೆರೆಯಲಿಲ್ಲ. ಅಲ್ಲಿಂದೀಚೆಗೆ ಹೋಟೆಲುಗಳಿಗೂ ಚಾಳುಗಳಿಗೂ ತಂತಿ ಎಳೆದು ಹೊಟ್ಟೆ ಹೊರೆದಿದ್ದೇನೆ. ಹೀಗೆ ನೂರಾರು ತಗ್ಗು ಖೋಲಿಗಳನ್ನು ನೋಡಿದವನ ಸಲಹೆ ಇದು.

ಟಿ.ವಿ. ಇದ್ದವರು ಮೊದಲ ದೀಪವನ್ನು ಟಿ.ವಿ.ಯ ಬೆನ್ನಿಗೆ ಅಂಟಿಸಬೇಕು. ಕೇಳಿದವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಕತ್ತಲೆ ಖೋಲಿಯಲ್ಲಿ ಹೊಳೆಯುವ ತೆರೆ ಒಂದೇ ಇದ್ದರೆ, ಚಿತ್ರ ಬೆಳ್ಳಗಾದಾಗ ಕಣ್ಣಿನ ಪಾಪೆ ಕುಗ್ಗಬೇಕು, ಕಪ್ಪಾದಾಗ ಹಿಗ್ಗಬೇಕು. ಮೂರು ಗಂಟೆ ಇದೇ ಕಸರತ್ತು. ತೆರೆಯ ಹಿಂದಿನ ಗೋಡೆಯ ಮೇಲೆ ಮೆಲ್ಲನೆಯ ಬೆಳಕು ಹರಡಿದ್ದರೆ ಈ ಏರಿಳಿತ ತಗ್ಗುತ್ತದೆ, ಕಣ್ಣು ದಣಿಯುವುದಿಲ್ಲ, ಚಿತ್ರದ ಕಪ್ಪೂ ಆಳವಾಗಿ ಕಾಣುತ್ತದೆ. ದೀಪದ ಮೂಲ ಟಿ.ವಿ.ಯ ಮರೆಯಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರಣಿಯ ಉತ್ತರದ ಗಾಜನ್ನೇ ಟಿ.ವಿ.ಯ ಹಿಂದೆ ಇಟ್ಟಂತಾಯಿತು.

ಇದಕ್ಕೆ ಬೇಕಾದುದು ಎಲ್.ಇ.ಡಿ. ಪಟ್ಟಿ, ಅಂಗಡಿಯಲ್ಲಿ ಸ್ಟ್ರಿಪ್ ಎನ್ನುತ್ತಾರೆ. ಟಿ.ವಿ.ಯ ಬೆನ್ನಿನ ಅಂಚಿನಿಂದ ಎರಡು ಮೂರು ಅಂಗುಲ ಒಳಗೆ, ಮೂರು ಕಡೆ ಅಥವಾ ನಾಲ್ಕು ಕಡೆ ಅಂಟಿಸಬೇಕು. ಕೊಳ್ಳುವಾಗ ಪೊಟ್ಟಣದ ಮೇಲೆ ೬೫೦೦ ಕೆಲ್ವಿನ್ ಎಂದಿದೆಯೇ ನೋಡಿ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ: ೨೭೦೦ ಎಂದರೆ ಹಳೆಯ ತಂತಿಯ ಬಲ್ಬಿನ ಹಳದಿ, ೬೫೦೦ ಎಂದರೆ ಹಗಲಿನ ಬಿಳಿ. ಟಿ.ವಿ. ಚಿತ್ರದ ಬಿಳಿಯನ್ನು ಹೊಂದಿಸಿರುವುದು ೬೫೦೦ಕ್ಕೆ. ಹಿಂದಿನ ಗೋಡೆ ಹಳದಿಯಾದರೆ ಎದುರಿಗಿರುವ ಬಿಳಿ ಪಂಚೆ ನೀಲಿ ಹಾಕಿ ಅದ್ದಿದಂತೆ ಕಾಣುತ್ತದೆ. ಅದೇ ಕಾರಣಕ್ಕೆ, ಕೆಂಪು ಹಸಿರು ನೇರಳೆ ಬದಲಾಯಿಸುತ್ತಾ ಕುಣಿಯುವ ಪಟ್ಟಿಯನ್ನು ತರಬೇಡಿ. ಗಣೇಶೋತ್ಸವಕ್ಕೆ ಅದು ಚೆನ್ನ. ಬೆಳಕು ಎಷ್ಟಿರಬೇಕೆಂದರೆ, ತೆರೆಯ ಬಿಳಿಯ ಹತ್ತರಲ್ಲೊಂದು ಪಾಲು. ಅಳೆಯಲು ಯಂತ್ರ ಬೇಕಾಗಿಲ್ಲ. ತೆರೆ ಬೆಳ್ಳಗಿರುವಾಗ ಹಿಂದಿನ ಬೆಳಕಿನ ನೆನಪೇ ಆಗಬಾರದು, ತೆರೆ ಕಪ್ಪಾದಾಗ ಟಿ.ವಿ.ಯ ಅಂಚು ಕಾಣಬೇಕು, ಅಷ್ಟಾದರೆ ಸರಿಯಾಯಿತು. ಹತ್ತು ವಾಟಿನ ಪಟ್ಟಿಯನ್ನು ದಿನಕ್ಕೆ ಮೂರು ಗಂಟೆ ಉರಿಸಿದರೂ ತಿಂಗಳಿಗೆ ಒಂದು ಯುನಿಟ್ಟು ತುಂಬುವುದಿಲ್ಲ.

ಟಿ.ವಿ. ಬಿಟ್ಟು ಪ್ರೊಜೆಕ್ಟರು ತಂದವರಿಗೆ ಈ ಮಾತು ಪೂರಾ ತಿರುವುಮುರುವು. ಟಿ.ವಿ. ತಾನೇ ಬೆಳಗುತ್ತದೆ. ಪ್ರೊಜೆಕ್ಟರು ಗೋಡೆಯ ಮೇಲೆ ಬೆಳಕು ಚೆಲ್ಲುತ್ತದೆ. ಅದಕ್ಕೆ ಕಪ್ಪನ್ನು ಚೆಲ್ಲಲು ಬರುವುದಿಲ್ಲ. ಚಿತ್ರದಲ್ಲಿ ಕಪ್ಪು ಎಂದರೆ ಬೆಳಕು ಬೀಳದ ಗೋಡೆ, ಅಷ್ಟೆ. ಆ ಗೋಡೆಯ ಮೇಲೆ ಬೇರೆ ಯಾವ ದೀಪದ ಬೆಳಕು ಬಿದ್ದರೂ ಕಪ್ಪು ಬೂದಿಯಾಗುತ್ತದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಈ ಏಟು ಹೆಚ್ಚು. ಬಣ್ಣದ ಆಸರೆ ಇಲ್ಲದೆ ಬರೀ ಕಪ್ಪು ಬಿಳುಪಿನ ಅಂತರದಿಂದಲೇ ಬದುಕುವ ಚಿತ್ರಗಳು ಅವು. ಆದ್ದರಿಂದ ಪ್ರೊಜೆಕ್ಟರಿದ್ದಲ್ಲಿ ತೆರೆಯ ಗೋಡೆಗೆ ದೀಪವೇ ಬೇಡ. ದೀಪ ನೋಡುವವರ ಬೆನ್ನ ಹಿಂದೆ, ತಗ್ಗಿನಲ್ಲಿರಲಿ.

ತಗ್ಗು ಛಾವಣಿಯ ಇನ್ನೊಂದು ಕೇಡು ಇಲ್ಲಿ ತಲೆಯೆತ್ತುತ್ತದೆ. ನಮ್ಮವರು ಛಾವಣಿಗೆ ಬಿಳಿ ಆಯಿಲ್ ಪೇಂಟು ಬಳಿಸುತ್ತಾರೆ. ಒಲೆಯ ಹೊಗೆ ಒರೆಸಿದರೆ ಹೋಗುತ್ತದೆಂದು. ಆ ಹೊಳಪು ಛಾವಣಿ ತೆರೆಗೆ ಒಂದಡಿ ದೂರದಲ್ಲಿಯೇ ಇದ್ದರೆ ಕನ್ನಡಿಯಾಗಿಬಿಡುತ್ತದೆ. ತೆರೆಯ ಬೆಳಕು ಮೇಲಕ್ಕೆ ಹಾರಿ, ಅಲ್ಲಿಂದ ತಿರುಗಿ ತೆರೆಯ ಮೇಲೆಯೇ ಬೀಳುತ್ತದೆ. ಛಾವಣಿಯನ್ನೆಲ್ಲ ಕಪ್ಪು ಮಾಡಿ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಮಾಡಿದರೆ ಹಗಲಿನಲ್ಲಿ ಖೋಲಿ ಗುಹೆಯಾಗುತ್ತದೆ, ಏಳಡಿ ಆರಡಿಯಾದಂತೆ ತೋರುತ್ತದೆ. ತೆರೆಯ ಕಡೆಯ ಮೂರು ನಾಲ್ಕು ಅಡಿಗೆ ಮಾತ್ರ ಹೊಳಪಿಲ್ಲದ ಬೂದು ಬಣ್ಣ ಬಳಿಯಿರಿ. ಅಥವಾ ಒಂದು ದಾರ ಕಟ್ಟಿ, ಸಿನಿಮಾ ಹೊತ್ತಿಗೆ ಕಡುಬಣ್ಣದ ಹತ್ತಿಬಟ್ಟೆ ಎಳೆದುಕೊಳ್ಳಿ. ಬಟ್ಟೆಯ ವಿಷಯ ಗಿರಣಿಯವರಿಗೆ ನಾನು ಹೇಳಬೇಕೇ? ಒಂದೇ ಎಚ್ಚರ: ಒಲೆಯಿಂದಲೂ ದೇವರ ದೀಪದಿಂದಲೂ ಅದು ದೂರವಿರಲಿ.

ಗೋಡೆಯ ದೀಪಗಳಿಗೆ ಬರೋಣ. ಸಿನಿಮಾ ಶುರುವಾಗುವ ಮುಂಚೆ, ನಡುವೆ ಚಹಾ ಕುಡಿಯುವಾಗ, ನೆಂಟರು ಬಂದಾಗ ಖೋಲಿಗೆ ಮೃದುವಾದ ಬೆಳಕು ಬೇಕು. ಅದಕ್ಕೆ ಮುಚ್ಚಳವಿರುವ ಎರಡು ಸಣ್ಣ ದೀಪ ಸಾಕು, ೨೭೦೦ರಿಂದ ೩೦೦೦ ಕೆಲ್ವಿನ್ನಿನವು. ಟಿ.ವಿ. ಗೋಡೆಗೆ ಹಾಕಬೇಡಿ, ಪಕ್ಕದ ಗೋಡೆಗಳಿಗೆ, ನೀವು ಕೂರುವ ಜಾಗಕ್ಕೆ ಸರಿಸಮವಾಗಿ ಅಥವಾ ಕೊಂಚ ಹಿಂದೆ ಹಾಕಿ. ಬೆಳಕನ್ನು ಮೇಲಕ್ಕೆ ಎಸೆಯುವ ದೀಪವಾದರೆ ಅದಕ್ಕೂ ಛಾವಣಿಗೂ ಒಂದೂವರೆ ಅಡಿಯಾದರೂ ಅಂತರ ಬೇಕು. ಇಲ್ಲವಾದರೆ ಛಾವಣಿಯ ಮೇಲೆ ತಟ್ಟೆಯಷ್ಟು ಅಗಲದ ಉರಿಯುವ ಬೊಟ್ಟು ಬೀಳುತ್ತದೆ, ಉಳಿದ ಕಡೆ ಕತ್ತಲೆ. ಅಷ್ಟು ಅಂತರ ಸಿಗದಿದ್ದರೆ ಗೋಡೆಯುದ್ದಕ್ಕೂ ಕೆಳಮುಖವಾಗಿ ಬೆಳಕು ಇಳಿಸುವ ದೀಪ ತನ್ನಿ. ತೂಗುವ ದೀಪ ಮಾತ್ರ ಯಾವ ಕಾರಣಕ್ಕೂ ಬೇಡ. ಮಾಳಾದ ಕೆಳಗೆ ತೂಗುವುದಕ್ಕೆ ಜಾಗವಿರುವುದು ಮಗುವಿನ ತೊಟ್ಟಿಲಿಗೆ ಮಾತ್ರ.

ಹುಡುಗಿಯ ಓದಿನ ವಿಷಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ. ಅಪ್ಪ ಸಿನಿಮಾ ನೋಡುತ್ತಾನೆಂದು ಟ್ಯೂಬು ಆರಿಸಿ, ಮಗಳು ಟಿ.ವಿ.ಯ ಮಿನುಗುವ ಬೆಳಕಿನಲ್ಲಿ ಗಣಿತ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದು ಮನೆಯಲ್ಲಲ್ಲ. ಹೋಟೆಲಿನಲ್ಲಿ ದಿನವಿಡೀ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯ ಬೆಳಕಿನಲ್ಲಿ ಅಕ್ಷರ ಕಲಿತವರು ಈ ಸಭೆಯಲ್ಲಿಯೇ ಇದ್ದಾರೆ. ಅಂಥ ಬೆಳಕಿನ ಬೆಲೆಯನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. ಫಾಲ್ಸ್ ಸೀಲಿಂಗಿನ ಮುಂಗಡಕ್ಕೆ ಎತ್ತಿಟ್ಟ ಹಣದಲ್ಲಿ ಮೊದಲು ಒಂದು ಒಳ್ಳೆಯ ಮೇಜುದೀಪ ಕೊಳ್ಳಿ. ಅದಕ್ಕೆ ಆಳವಾದ ಟೊಪ್ಪಿಗೆ ಇರಬೇಕು, ಬೆಳಕು ಪುಸ್ತಕದ ಮೇಲೆ ಮಾತ್ರ ಬೀಳಬೇಕು. ಬಲಗೈಯಲ್ಲಿ ಬರೆಯುವವಳಿಗೆ ಎಡದಿಂದ ಬರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳದಂತೆ. ಅವಳು ಟಿ.ವಿ.ಗೆ ಬೆನ್ನು ಮಾಡಿ ಕೂರಲಿ. ಅವಳ ದೀಪ ಟಿ.ವಿ.ಯ ಗಾಜಿನಲ್ಲಿ ಹೊಳೆದರೆ ಸರಿಸಬೇಕಾದುದು ಟಿ.ವಿ.ಯನ್ನು, ಅವಳನ್ನಲ್ಲ. ಪರೀಕ್ಷೆಯ ತಿಂಗಳಲ್ಲಿ ಅಪ್ಪಂದಿರು ಸಿನಿಮಾದ ದನಿಯನ್ನೂ ಕೊಂಚ ತಗ್ಗಿಸಿದರೆ ದೀಪದ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ.

ಅಜ್ಜನಿಗೆ ಬೇಕಾದುದು ಪಾದದ ದೀಪ. ಥಿಯೇಟರಿನ ಮೆಟ್ಟಿಲ ಬುಡದಲ್ಲಿ ಸಣ್ಣ ದೀಪಗಳನ್ನು ನೋಡಿದ್ದೀರಿ. ಕತ್ತಲೆಯಲ್ಲಿ ಯಾರೂ ಬೀಳಬಾರದು, ಬೆಂಕಿ ಬಿದ್ದರೆ ಬಾಗಿಲ ದಾರಿ ಕಾಣಬೇಕು ಎಂದು ಅವನ್ನು ಇಟ್ಟಿರುತ್ತಾರೆ. ನಮ್ಮ ಖೋಲಿಯಲ್ಲಿ ಬೀಳುವ ಜಾಗಗಳು ಮೂರು: ಬಾಗಿಲ ಹೊಸಲು, ಮೋರಿಯ ಕಟ್ಟೆ, ಮಾಳಾದ ಏಣಿ. ಅರ್ಧ ವಾಟು, ಒಂದು ವಾಟಿನ ದೀಪವನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಕೆಳಮುಖವಾಗಿ ಹಾಕಿದರೆ ಸಿನಿಮಾಕ್ಕೂ ಅಡ್ಡಿಯಿಲ್ಲ, ನಿದ್ದೆಗೂ ಅಡ್ಡಿಯಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ಇರುವ ಟ್ಯೂಬನ್ನು ಕಿತ್ತು ಹಾಕಬೇಡಿ. ಅಕ್ಕಿ ಆರಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಅದು ಬೇಕು. ಖೋಲಿಯ ನಡುವೆ ಇದ್ದರೆ ಒಲೆಯ ಕಡೆಯ ಗೋಡೆಗೆ ಸರಿಸಿ, ಅಷ್ಟೆ. ಅಡಿಗೆಯ ಜಾಗಕ್ಕೆ ಹೊಸ ದೀಪ ಕೊಳ್ಳುವವರು ಪೊಟ್ಟಣದ ಮೇಲೆ ಸಿ.ಆರ್.ಐ. ಎಂಬ ಅಂಕಿಯನ್ನು ನೋಡಿ. ನೂರಕ್ಕೆ ಹತ್ತಿರವಾದಷ್ಟೂ ವಸ್ತುವಿನ ನಿಜವಾದ ಬಣ್ಣ ಕಾಣುತ್ತದೆ, ೮೦ಕ್ಕೆ ಕಡಿಮೆ ಬೇಡ. ಹೋಟೆಲಿನವರಿಗೆ ಇದು ಬೇಗ ತಿಳಿಯುತ್ತದೆ: ಕೆಟ್ಟ ದೀಪದ ಕೆಳಗೆ ದೋಸೆ ಹೊಂಬಣ್ಣವಾಯಿತೋ ಹೊತ್ತಿತೋ ತಿಳಿಯುವುದಿಲ್ಲ.

ಕೊಳ್ಳುವಾಗ ವಾಟನ್ನು ನೋಡಿ ಮೋಸ ಹೋಗಬಾರದು. ವಾಟು ಎಂದರೆ ದೀಪ ತಿನ್ನುವ ವಿದ್ಯುತ್ತು. ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಹಳೆಯ ೬೦ ವಾಟಿನ 'ತಂತಿ ಬಲ್ಬು' ಸುಮಾರು ೮೦೦ ಲ್ಯೂಮೆನ್ ಕೊಡುತ್ತಿತ್ತು. ಅಷ್ಟನ್ನೇ ಈಗ ೯ ವಾಟಿನ ಎಲ್.ಇ.ಡಿ. ಕೊಡುತ್ತದೆ. ಬೆಲೆಯೂ ಇಳಿದಿದೆ. ಸರಕಾರದ ಸಗಟು ಖರೀದಿಯಲ್ಲಿ ೨೦೧೪ರಲ್ಲಿ ಒಂದು ಎಲ್.ಇ.ಡಿ. ಬಲ್ಬಿಗೆ ೩೧೦ ರೂಪಾಯಿ ಇದ್ದುದು ೨೦೧೬ರ ಹೊತ್ತಿಗೆ ೩೮ಕ್ಕೆ ಬಂತು. ಉಜಾಲಾ ಯೋಜನೆಯಲ್ಲಿ ನಮ್ಮಲ್ಲಿ ಹಲವರು ಆ ಬಲ್ಬು ತಂದಿದ್ದೇವೆ.

ಈ ಬಲ್ಬಿನ ಹಿಂದೆಯೂ ಒಬ್ಬ ನೌಕರನ ಕಥೆಯಿದೆ; ಸ್ವಲ್ಪ ವಿಷಯಾಂತರವಾದರೂ ನಿಮಗೆ ರುಚಿಸೀತು. ನೀಲಿ ಬೆಳಕಿನ ಎಲ್.ಇ.ಡಿ. ಸಿಕ್ಕಿದ ಮೇಲೆಯೇ ಬಿಳಿ ಎಲ್.ಇ.ಡಿ. ದೀಪ ಮನೆಗಳಿಗೆ ಬರಲು ದಾರಿಯಾದುದು. ಅದಕ್ಕಾಗಿ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಾಕಾಮುರಾ ಜಪಾನಿನ ನಿಚಿಯಾ ಎಂಬ ಕಂಪನಿಯಲ್ಲಿ ಪಗಾರದ ಆಳು. ಆ ಶೋಧಕ್ಕೆ ಕಂಪನಿ ಅವರಿಗೆ ಕೊಟ್ಟ ಇನಾಮು ೨೦,೦೦೦ ಯೆನ್. ಅವರು ಕೋರ್ಟಿಗೆ ಹೋದರು. ೨೦೦೪ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ ೨,೦೦೦ ಕೋಟಿ ಯೆನ್ ಕೊಡಿ ಎಂದಿತು. ಕಂಪನಿ ಮೇಲಿನ ಕೋರ್ಟಿಗೆ ಹೋಯಿತು. ೨೦೦೫ರಲ್ಲಿ ಸುಮಾರು ೮೪ ಕೋಟಿ ಯೆನ್ನಿಗೆ ರಾಜಿಯಾಯಿತು. ಇನಾಮಿಗೂ ರಾಜಿಗೂ ಇರುವ ಅಂತರವನ್ನು ಮನೆಗೆ ಹೋಗಿ ಲೆಕ್ಕ ಹಾಕಿ.

ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬೇಕೇ ಎಂದು ಕೇಳುತ್ತಾರೆ. ಇದ್ದರೆ ಚೆನ್ನ, ಆದರೆ ಡಿಮ್ಮರಿಗೆ ಒಗ್ಗುವ ಎಲ್.ಇ.ಡಿ.ಯೇ ಬೇರೆ. ಸಾದಾ ಎಲ್.ಇ.ಡಿ.ಯನ್ನು ಅದಕ್ಕೆ ಕಟ್ಟಿದರೆ ಮಿಟುಕುತ್ತದೆ, ಗುಂಯ್‌ಗುಡುತ್ತದೆ, ಬೇಗ ಸಾಯುತ್ತದೆ. ಪಂಖದ ರೆಗ್ಯುಲೇಟರಿಗೆ ಬಲ್ಬು ಕಟ್ಟುವ ಜಾಣರೂ ನಮ್ಮಲ್ಲಿದ್ದಾರೆ, ದಯಮಾಡಿ ಬಿಡಿ. ನಾಲ್ಕು ದೀಪಕ್ಕೆ ನಾಲ್ಕು ಸ್ವಿಚ್ಚಿದ್ದರೆ ಅದೇ ಬಡವರ ಡಿಮ್ಮರು.

ತಂತಿಯ ವಿಷಯ ಚಿಕ್ಕದಾಗಿ. ಹಳೆಯ ಚಾಳಿನಲ್ಲಿ ಟಿ.ವಿ., ಪಟ್ಟಿ, ಮೇಜುದೀಪ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೇ ಪ್ಲಗ್ಗಿಗೆ ನೇತುಹಾಕಬೇಡಿ. ಪಟ್ಟಿಯ ಜೊತೆಗೆ ಬರುವ ಅಡಾಪ್ಟರು ಬಿಸಿಯಾಗುತ್ತದೆ. ಅದನ್ನು ಮರದ ಹಿಂದೆಯೋ ಬಟ್ಟೆಯ ಹಿಂದೆಯೋ ಹುದುಗಿಸದೆ ಗಾಳಿಯಾಡುವಲ್ಲಿ ಇಡಿ. ಅರ್ಥಿಂಗು ಇದೆಯೇ ಎಂದು ಪರವಾನಗಿ ಇರುವ ವಾಯರಮನ್ನನಿಂದ ನೋಡಿಸಿ, ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಒಂದನ್ನು ಹಾಕಿಸಿಕೊಳ್ಳಿ. ಮೋರಿಯ ಪಕ್ಕದಲ್ಲಿಯೇ ಪ್ಲಗ್ಗಿರುವ ಮನೆಗಳಲ್ಲಿ ಅದು ಪ್ರಾಣ ಉಳಿಸುವ ವಸ್ತು.

ಎಲ್ಲವನ್ನೂ ಒಂದೇ ಪಗಾರದಲ್ಲಿ ತರಬೇಕೆಂದಿಲ್ಲ. ಮೊದಲ ತಿಂಗಳು ಮೇಜುದೀಪವನ್ನೂ ಪಾದದ ದೀಪವನ್ನೂ ತನ್ನಿ. ಎರಡನೆಯ ತಿಂಗಳು ಟಿ.ವಿ.ಯ ಬೆನ್ನಿನ ಪಟ್ಟಿ. ಎಂಟು ದಿನ ಸಿನಿಮಾ ನೋಡಿ. ಆಮೇಲೆಯೂ ಗೋಡೆಯ ದೀಪ ಬೇಕೆನಿಸಿದರೆ ಆಗ ಆ ಮಾತು. ಹಲವರಿಗೆ ಬೇಕೆನಿಸುವುದೇ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹೋಟೆಲಿನ ಪಾಳಿ ಮುಗಿಯುವ ಹೊತ್ತಿಗೆ, ಮೂರರಿಂದ ಐದರವರೆಗೆ, ಸಂಘದ ಕೋಣೆಯಲ್ಲಿ ನಾನಿರುತ್ತೇನೆ. ಬರುವವರು ನಾಲ್ಕು ಅಳತೆ ಬರೆದುಕೊಂಡು ಬನ್ನಿ: ಖೋಲಿಯ ಉದ್ದಗಲ, ಮಾಳಾದ ಕೆಳಗಿನ ಎತ್ತರ, ಟಿ.ವಿ.ಯಿಂದ ನೀವು ಕೂರುವ ಜಾಗಕ್ಕೆ ಇರುವ ದೂರ, ಸ್ವಿಚ್ಚಿನ ಬೋರ್ಡು ಎಲ್ಲಿದೆ ಎಂಬುದು. ಅಂಗಡಿಯವನಿಗೆ ಮುಂಗಡ ಕೊಟ್ಟವರಿದ್ದರೆ ರಸೀತಿಯನ್ನೂ ತನ್ನಿ. ಕೆಲಸ ಶುರುವಾಗಿರದಿದ್ದರೆ ಹಣ ಹಿಂದಕ್ಕೆ ಕೇಳಲು ಕಾರ್ಯದರ್ಶಿಗಳು ಜೊತೆಗೆ ಬರುತ್ತೇವೆಂದಿದ್ದಾರೆ.